ಮಿಸ್ರಿಯಾಳಿಗೆ ಹೇಳಿದ ಸುಳ್ಳು

ಪಾರ್ಕಿಗೆ ಅನುಮತಿ ಸಿಕ್ಕಿತ್ತು, ಮಿಸ್ರಿಯಾ. ಸಿಗಲಿಲ್ಲ ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಯಾರೂ ನನ್ನಿಂದ ಹೇಳಿಸಿದ್ದಲ್ಲ — ನಾನೇ, ನಿನ್ನ ಮುಖ ನೋಡದೆ ಹೇಳಿದೆ.

ಇಷ್ಟು ಬರೆಯುವುದಕ್ಕೇ ಮೂರು ಹಾಳೆ ಹರಿದು ಹಾಕಿದೆ. ನೀನು ಓದುವೆ ಎಂಬ ಹೆದರಿಕೆ. ಓದದೆ ಇದ್ದರೆ ಎಂಬುದು ಇನ್ನೊಂದು.

ನಿನಗೆ ನೆನಪಿರಬಹುದು — ನಿಖಾ ಬಂಟ್ವಾಳದಲ್ಲಿ ಸರಳವಾಗಿ ಮುಗಿಯುವುದಿತ್ತು. ಮರುದಿನ ಸಂಜೆ ಮನೆಯವರಿಗೂ ಮೂಡುಬಿದಿರೆಯ ನಮ್ಮ ಕಾಲೇಜಿನ ಗೆಳೆಯ ಗೆಳತಿಯರಿಗೂ ಸೇರಿ ಒಂದು ಸಣ್ಣ ರಿಸೆಪ್ಶನ್ ಬೇಕೆಂದು ನಿನ್ನ ಆಸೆ. ಹಾಲ್ ಬೇಡ, ನರಿಕೊಂಬಿನ ಕಡೆ ಹೊಳೆಬದಿಯ ಪಾರ್ಕು ಸಾಕು ಎಂದೆ ನೀನು.

"ಸ್ಟೇಜಿನಲ್ಲಿ ಗೊಂಬೆಯ ಹಾಗೆ ನಿಲ್ಲಲಿಕ್ಕೆ ನನ್ನಿಂದ ಆಗುವುದಿಲ್ಲ ಮಾರಾಯ್ತಿ. ಹುಲ್ಲಿನ ಮೇಲೆ ಕೂರುವ, ಚರುಮುರಿ ತಿನ್ನುವ, ಕತ್ತಲಾಗುವಾಗ ಮನೆಗೆ ಹೋಗುವ."

ನಿನ್ನನ್ನು ಮದುವೆಯಾಗಲಿದ್ದ ಇರ್ಷಾದ್ ಕುವೈತಿನಿಂದ ಫೋನಿನಲ್ಲೇ ಒಪ್ಪಿದ. ನಿನ್ನ ಉಮ್ಮ ಮಾತ್ರ ಜನ ಏನು ಹೇಳಿಯಾರು ಎಂದು ಸ್ವಲ್ಪ ಗೊಣಗಿ, ಆಮೇಲೆ ತಾವೇ ನೆರೆಮನೆಗಳಿಂದ ಚಾಪೆ ಕೇಳಿ ತರತೊಡಗಿದರು.

ಅನುಮತಿಯ ಕೆಲಸ ನಾನು ವಹಿಸಿಕೊಂಡೆ. ನಮ್ಮೂರು ಶಿರ್ತಾಡಿಯಿಂದ ಬಸ್ಸು ಬದಲಿಸುತ್ತಾ ಬಂಟ್ವಾಳಕ್ಕೆ ಬಂದು ಕಚೇರಿಯಲ್ಲಿ ನಿನ್ನ ಹೆಸರಿನ ಅರ್ಜಿ ಕೊಟ್ಟೆ. ಅಲ್ಲಿದ್ದವರು ಓದಿ, ಮೈಕ್ ಉಂಟಾ ಎಂದಷ್ಟೇ ಕೇಳಿದರು. ಇಲ್ಲ ಎಂದೆ. ಮಾಡಿ, ಒಳ್ಳೆಯದಾಗಲಿ, ಹೋಗುವಾಗ ಕಸ ಮಾತ್ರ ಹೆಕ್ಕಿ ಹೋಗಿ ಎಂದರು. ನಿನ್ನ ಹೆಸರಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ.

ಖುಷಿಯಲ್ಲಿ ನೇರ ಪಾರ್ಕಿಗೆ ಹೋದೆ — ಚಾಪೆ ಎಲ್ಲಿ ಹಾಸುವುದು, ಚರುಮುರಿಯ ಗಾಡಿ ಎಲ್ಲಿ ನಿಲ್ಲಿಸುವುದು ಎಂದು ನೋಡಲು. ಗೇಟಿನ ಹತ್ತಿರ ಬೈಕಿನ ಮೇಲೆ ಇಬ್ಬರು ಕೂತಿದ್ದರು. ನಮ್ಮ ಪ್ರಾಯದವರೇ. ಏನು ನೋಡುವುದು ಎಂದು ಒಬ್ಬ ಕೇಳಿದ. ಮದುವೆಯ ರಿಸೆಪ್ಶನ್ನಿಗೆ ಜಾಗ ಎಂದೆ. ಯಾರ ಮದುವೆ ಎಂದ.

ನಿನ್ನ ಹೆಸರು ಹೇಳಲಿಲ್ಲ. ಅಕ್ಕನದ್ದು ಎಂದೆ. ನನಗೆ ಅಕ್ಕನೇ ಇಲ್ಲ.

ಅವನು ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದ. "ಹೌದಾ? ಹಾಗಾದರೆ ನಾವೂ ಬರುವ," ಎಂದ. ಇನ್ನೊಬ್ಬ ನಕ್ಕ.

ನಡೆದದ್ದು ಇಷ್ಟೇ. ಬೆದರಿಸಿದನೋ, ತಮಾಷೆ ಮಾಡಿದನೋ — ಇವತ್ತಿಗೂ ಗೊತ್ತಿಲ್ಲ. ಆದರೆ ನಿಮ್ಮ ಮನೆಯ ಕಡೆಯ ಬಸ್ಸಿನಲ್ಲಿ ಕೂತ ಮೇಲೆ ಒಂದೊಂದೇ ಕಣ್ಣ ಮುಂದೆ ಬರತೊಡಗಿತು. ನಮ್ಮ ಹುಡುಗರು ಹುಡುಗಿಯರು ಒಂದೇ ಚಾಪೆಯಲ್ಲಿ, ಸುತ್ತ ನಿಂತವರು ಒಬ್ಬೊಬ್ಬರದೇ ಹೆಸರು ಕೇಳುತ್ತಿರುವುದು, ಯಾರೋ ಮೊಬೈಲ್ ಎತ್ತಿ ಹಿಡಿದಿರುವುದು... ನಮ್ಮ ಕಡೆ ಅಂಥದ್ದು ಆಗುವುದಿಲ್ಲ ಎಂದು ಹೇಳಿಕೊಳ್ಳಲು ಪ್ರಯತ್ನಿಸಿದೆ. ಆಗುವುದುಂಟು ಎಂದು ನನಗೂ ಗೊತ್ತಿತ್ತು, ನಿನಗೂ ಗೊತ್ತಿತ್ತು.

ನಿನಗಾಗಿ ಹೆದರಿದೆ ಎಂದು ಬಹಳ ಕಾಲ ನನ್ನನ್ನು ನಂಬಿಸಿಕೊಂಡಿದ್ದೆ. ಅಲ್ಲ. ಮನಸ್ಸಿನಲ್ಲೇ ಓಡಿದ ಆ ವೀಡಿಯೊದಲ್ಲಿ ನಾನು ಕಂಡದ್ದು ನಿನ್ನ ಮುಖವನ್ನಲ್ಲ, ನನ್ನದನ್ನು. ಬೆಳ್ತಂಗಡಿಯ ಒಂದು ಮನೆಯವರು ಆಗಷ್ಟೇ ನನ್ನನ್ನು ನೋಡಿ ಹೋಗಿದ್ದರು. ಅವರ ಮೊಬೈಲಿಗೆ ಅದು ಹೋದರೆ? ಅದನ್ನೇ ಯೋಚಿಸುತ್ತಾ ನಿಮ್ಮ ಮನೆಯ ಮೆಟ್ಟಿಲು ಹತ್ತಿದೆ. ಈಗ ನಾನಿರುವುದು ಅದೇ ಬೆಳ್ತಂಗಡಿಯ ಮನೆಯಲ್ಲಿ.

ನೀನು ಚಾವಡಿಯಲ್ಲಿ ಚಾಪೆಗಳನ್ನು ಕೊಡವುತ್ತಿದ್ದೆ. ಅನುಮತಿ ಸಿಗಲಿಲ್ಲ ಎಂದೆ. ಕಾರಣ ಏನೂ ಯೋಚಿಸಿ ಬಂದಿರಲಿಲ್ಲ. ನೀನು ಚಾಪೆ ಕೆಳಗಿಟ್ಟೆ.

"ನನ್ನ ಹೆಸರು ನೋಡಿಯಾ, ಶಾಲಿನಿ?"

ಆ ಕ್ಷಣ ಒಂದು 'ಅಲ್ಲ' ಸಾಕಿತ್ತು. ಗೇಟಿನ ಹತ್ತಿರ ಹೀಗಾಯಿತು ಎಂದಿದ್ದರೂ ಸಾಕಿತ್ತು — ಏನು ಮಾಡುವುದೆಂದು ನೀನೇ ಯೋಚಿಸುತ್ತಿದ್ದೆ, ಬೇರೆ ಜಾಗ ಹುಡುಕುತ್ತಿದ್ದೆ, ಅಥವಾ ಬರುವವರು ಬರಲಿ ಎನ್ನುತ್ತಿದ್ದೆ. ನಾನು, "ಇರಬೇಕು" ಎಂದೆ.

ನೀನು ಅಳಲಿಲ್ಲ. ಚಾಪೆಗಳನ್ನು ಸುರುಳಿ ಸುತ್ತಿ, ಯಾವುದು ಯಾರ ಮನೆಯದ್ದೆಂದು ನೋಡಿ ಬೇರೆ ಬೇರೆ ಇಟ್ಟೆ. ರಿಸೆಪ್ಶನ್ ಒಂದು ಹಾಲಿನಲ್ಲಿ ಆಯಿತು. ನೀನು ಸ್ಟೇಜಿನಲ್ಲಿ ನಿಂತೆ. ನಾನು ಸಾಲಿನಲ್ಲಿ ಬಂದು, ಉಡುಗೊರೆ ಕೊಟ್ಟು, ಫೋಟೋಕ್ಕೆ ನಕ್ಕೆ.

ಆಮೇಲೆ ನಿನ್ನಲ್ಲಿ ಏನೋ ಬದಲಾಯಿತು — ಅಥವಾ ನನಗೆ ಮಾತ್ರ ಕಾಣುತ್ತಿತ್ತೋ. ಬಿ.ಸಿ.ರೋಡಿನಲ್ಲಿ ಹೊಲಿಗೆಯ ಅಂಗಡಿ ಇಡುತ್ತೇನೆ ಎನ್ನುತ್ತಿದ್ದವಳು, ಕೋಣೆ ಖಾಲಿ ಇದ್ದರೂ ಅದರ ಧಣಿಯ ಹತ್ತಿರ ಹೋಗಿ ಕೇಳಲೇ ಇಲ್ಲ. ಕೇಳಿ ಇಲ್ಲ ಅನ್ನಿಸಿಕೊಳ್ಳುವುದು ಯಾಕೆ, ಪಾರ್ಕಿನ ವಿಷಯದಲ್ಲಿ ಆದದ್ದು ಸಾಲದಾ ಎಂದೆ ನೀನು. ಆಮೇಲೆ ಇರ್ಷಾದನ ಜೊತೆ ಕುವೈತಿಗೆ ಹೊರಟುಹೋದೆ. ನೀನು ಪಾರ್ಕಿನ ಮಾತು ಎತ್ತಿದಾಗಲೆಲ್ಲ ನಾನು ಊಟ ಆಯಿತಾ, ಅಲ್ಲಿ ಸೆಕೆ ಉಂಟಾ ಎಂದು ಮಾತು ತಿರುಗಿಸಿದೆ.

ಮೊನ್ನೆ ನೀನು ಫೋನ್ ಮಾಡಿದೆ. ಹೆಣ್ಣು ಮಗು, ರಿಯಾ ಎಂದು ಹೆಸರಿಟ್ಟೆವು ಎಂದೆ. ಉಮ್ಮನಿಗೆ ತಮ್ಮ ತಾಯಿಯ ಹೆಸರು ಹಲೀಮಾ ಎಂದಿಡಬೇಕೆಂದು ಆಸೆಯಿತ್ತಂತೆ.

"ಉಮ್ಮನಿಗೆ ಬೇಜಾರುಂಟು. ಆದರೆ ಇವಳ ಹೆಸರು ನೋಡಿ ಯಾರೂ ಇಲ್ಲ ಅನ್ನಬಾರದಲ್ಲ," ಎಂದು ನೀನು ನಕ್ಕೆ.

ನಾನು ಚಂದದ ಹೆಸರು ಎಂದೆ. ಅಷ್ಟನ್ನೇ ಹೇಳಿ ಫೋನ್ ಇಟ್ಟೆ, ಮಿಸ್ರಿಯಾ.

ಬರುವ ತಿಂಗಳು ನೀನು ಮಗುವನ್ನು ಕರೆದುಕೊಂಡು ಊರಿಗೆ ಬರುತ್ತೀ. ಇದು ಅದಕ್ಕೆ ಮೊದಲೇ ನಿನ್ನ ಕೈ ಸೇರಲಿ. ನೀನು ಬಾಗಿಲು ತೆಗೆಯುವುದಿಲ್ಲವೋ ಏನೋ — ನನಗೆ ಹೆದರಿಕೆ ಉಂಟು. ಆದರೂ ಬಂಟ್ವಾಳಕ್ಕೆ ಬರುತ್ತೇನೆ. ನಿನ್ನ ಉಮ್ಮನ ಎದುರು ನಿಂತು ಹೇಳುತ್ತೇನೆ: ಕಚೇರಿಯವರು ಹೂಂ ಅಂದಿದ್ದರು, ಇಲ್ಲ ಅಂದದ್ದು ನಾನು.