"ಇನ್ನ ಬರೂದು ಬ್ಯಾಡ" ಅಂದವಳು ನಾನು

ಅತ್ತಿ, "ಇನ್ನ ಬರೂದು ಬ್ಯಾಡ" ಎಂದು ಡಾಕ್ಟರು ಹೇಳಿರಲಿಲ್ಲ. ಆ ಮಾತು ನನ್ನದು. ಏಳು ವರ್ಷ ಅದನ್ನು ಅವರ ಹೆಸರಿನಲ್ಲಿ ನಡೆಸಿಕೊಂಡು ಬಂದೆ.

ಮೊದಲಿನ ತಪ್ಪು ಬೇಕೆಂದು ಮಾಡಿದ್ದಲ್ಲ. ಮಹಿಳಾ ಸಂಘದ ಸಾಬೂನಿಗೆಂದು ಕಾಸ್ಟಿಕ್ ಸೋಡಾ ಕರಗಿಸಿದ್ದೆ. ಆರಲಿ, ಮೂರು ವರ್ಷದ ಮಗಳ ಕೈಗೆ ಸಿಗದಿರಲಿ ಎಂದು ಆ ಚರಿಗೆಯನ್ನು ದೇವರ ಜಗಲಿಯ ಮೇಲಿಟ್ಟೆ. ಲಿಂಗಪೂಜೆ ಮುಗಿಸಿದ ನೀವು ಎಂದಿನಂತೆ ಕಣ್ಣು ಮುಚ್ಚಿಯೇ ಕೈ ಚಾಚಿ, ತೀರ್ಥವೆಂದು ಒಂದು ಗುಟುಕು ಕುಡಿದಿರಿ. ಅದು ನನ್ನ ದಡ್ಡತನ. ನಂಬಿ — ಅಲ್ಲ, ನಂಬಿ ಎಂದು ಕೇಳುವ ಮುಖ ನನಗೆಲ್ಲಿದೆ?

ಬೇಕೆಂದು ಮಾಡಿದ್ದು ಆಮೇಲಿನದು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಿಮ್ಮ ಹೊಟ್ಟೆಗೆ ನಳಿಗೆ ಹಾಕಿ ಹಾಲು, ಗಂಜಿ ಬಿಟ್ಟರು. ಸುಟ್ಟ ಅನ್ನನಾಳ ಮಾಯುತ್ತ ಮಾಯುತ್ತ ಬಿಗಿಯತೊಡಗಿತು. ಬಾಯಿಂದ ಕೊಳವೆ ಇಳಿಸಿ ಅದನ್ನು ಹಿಗ್ಗಿಸಿದರು. ಎರಡನೆಯ ಸಲ ಹಿಗ್ಗಿಸಿದ ಮೇಲೆ ನೀವು ಅಂಬಲಿ ನುಂಗಿದಿರಿ. ಡಾಕ್ಟರು ನನ್ನನ್ನು ಬಾಜು ಕರೆದು, "ಹದಿನೈದು ದಿನಕ್ಕೊಮ್ಮೆ ಕರಕೊಂಡು ಬರ್ರಿ, ತಂಗಿ. ತಪ್ಪಿಸಿದ್ರ ಪೂರಾ ಮುಚ್ಚಿಹೋಗ್ತದ" ಎಂದರು. ಹೌದ್ರಿ ಎಂದೆ. ನಿಮ್ಮ ಮಗ ಲಾರಿಯ ಮೇಲೆ ಊರೂರು ತಿರುಗುವವರು; ಆ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ.

ಊರಿಗೆ ಮರಳುವ ಶಲವಡಿಯ ಬಸ್ಸಿನಲ್ಲಿ ನೀವು ಕೈಸನ್ನೆಯಿಂದ ಕೇಳಿದಿರಿ — ಮತ್ತೆ ಯಾವಾಗ? ಆಗ ನನ್ನ ಕಣ್ಣಮುಂದೆ ಅವ್ವ ಬಂದಳು. ಕಲಘಟಗಿಯಿಂದ ಬಣ್ಣದ ತೊಟ್ಟಿಲು ಹೇರಿಕೊಂಡು, ಬಸ್ಸು ಬದಲಿಸಿ ಬದಲಿಸಿ, ಮೊಮ್ಮಗಳಿಗೆ ಹೆಸರಿಡಲು ಬಂದವಳು. ನೀವು ಅಂದದ್ದು ನೆನಪಿದೆಯೇ? "ಹೆಣ್ಣ ಹಡದದ್ದಕ್ಕ ತೊಟ್ಟಿಲ ಬ್ಯಾರೆ ಕೇಡು. ತೊಗೊಂಡು ನಡಿ ಬೇ." ಒಂದು ಚರಿಗೆ ನೀರು ಕೊಡಲಿಲ್ಲ. ಅವ್ವ ಆ ತೊಟ್ಟಿಲಿನ ಜೊತೆ ಬಿಸಿಲಲ್ಲಿ ಬಸ್ಸಿಗೆ ಕಾದು ಕೂತಳು. ಮತ್ತೆ ನಮ್ಮ ಹೊಸ್ತಿಲು ತುಳಿಯದೆ, ಆ ವರ್ಷವೇ ಸತ್ತಳು.

ಅವಳಿಗೆ ನೀರು ಕುಡಿ ಎನ್ನದ ಗಂಟಲು ಇದು — ಒಣಗಲಿ ಎಂದುಕೊಂಡೆ. "ಇನ್ನ ಬರೂದು ಬ್ಯಾಡ ಅಂದಾರ್ರಿ" ಎಂದೆ. ನೀವು ನನ್ನ ಕೈ ಹಿಡಿದು ನಕ್ಕಿರಿ.

ಅಂಬಲಿ ತಡೆಯಿತು, ನೀರು ತಡೆಯಿತು, ಕೊನೆಗೆ ಉಗುಳೂ ಇಳಿಯಲಿಲ್ಲ. ಕುಡಿದ ನೀರು ಮೂಗಿನಿಂದ ಬಂದ ದಿನ ನನಗೆ ಖುಷಿಯಾಯಿತು. ಹೌದು, ಖುಷಿಯೇ. ಆಮೇಲೆ ದೊಡ್ಡ ಆಪರೇಷನ್ — ಹೊಟ್ಟೆ, ಕುತ್ತಿಗೆ ಎರಡೂ ಕಡೆ ಕೊಯ್ದು, ದೊಡ್ಡ ಕರುಳಿನ ತುಂಡೊಂದನ್ನು ಎದೆಯೆಲುಬಿನ ಹಿಂದಿನಿಂದ ಮೇಲೆತ್ತಿ ಗಂಟಲಿಗೆ ಜೋಡಿಸಿದರು. "ತಪ್ಪದ ಬಂದಿದ್ರ ಇದು ಬೇಕಾಗ್ತಿರಲಿಲ್ಲೇನೋ" ಎಂದ ಡಾಕ್ಟರಿಗೆ, "ನಮ್ಮತ್ತಿನ ಒಲ್ಲೆ ಅಂದ್ರರಿ" ಎಂದೆ. ತಪ್ಪನ್ನೂ ನಿಮ್ಮ ಮೇಲೆಯೇ ಹೊರಿಸಿದೆ.

ಈಗ ನಿಮ್ಮ ದನಿ ಒಡೆದಿದೆ. ಒಂದು ಸಣ್ಣ ಬಟ್ಟಲು ಗಂಜಿ ಉಣ್ಣಲು ಅರ್ಧ ತಾಸು ಬೇಕು, ಅದೂ ನನ್ನ ಕೈಯಿಂದಲೇ ಆಗಬೇಕು. ಮನೆಗೆ ಬಂದವರಿಗೆಲ್ಲ, "ನನ್ನ ಸೊಸಿ ಇದ್ದಳಂತ ನಾ ಉಳದೆ" ಎನ್ನುತ್ತೀರಿ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ — ಮೊದಲಿನಂತೆ ಬೈಯಬಾರದೇ ನೀವು?

ಅವ್ವನ ವಿಷಯದ ಸಿಟ್ಟು ಇನ್ನೂ ಇಳಿದಿಲ್ಲ, ಅದರಲ್ಲಿ ಮತ್ತೊಂದು ಸುಳ್ಳು ಬೇಡ. ಆದರೆ ಇದನ್ನು ಮುಚ್ಚಿಟ್ಟುಕೊಂಡು ನಿಮ್ಮ ಬಾಯಿಗೆ ಇನ್ನು ಚಮಚ ಹಿಡಿಯಲಾರೆ. ನಿಮಗೆ ಓದಲು ಬಾರದು. ಇವತ್ತು ಗಂಜಿಗೆ ಮೊದಲು ಇದನ್ನು ನಾನೇ ಓದಿ ಹೇಳುತ್ತೇನೆ. ಆಮೇಲೆ ಬಟ್ಟಲು ಹಿಡಿದು ನಿಮ್ಮ ಮುಂದೆ ಕೂರುತ್ತೇನೆ. ನನ್ನ ಕೈಯಿಂದ ಉಣ್ಣುವುದೋ ಬಿಡುವುದೋ, ನೀವೇ ಹೇಳಿ.