ಹತ್ತನೆಯವನ ಚೀಲಗಳು

ಆರನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಬಿಟ್ಟ ವಾರವೇ ನ್ಯಾಮತಿಯ ಗೋದಾಮಿನಲ್ಲಿ ಖಾಲಿ ಚೀಲ ಕೊಡವಲು ಸೇರಿದೆ. ಮೀಸೆ ಮೂಡುವ ಹೊತ್ತಿಗೆ ತುಂಬಿದ ಚೀಲಕ್ಕೆ ಬೆನ್ನು ಕೊಟ್ಟಿದ್ದೆ. ಈಗ ಹಮಾಲಿಗಳ ತಂಡವೊಂದಕ್ಕೆ ಮೇಸ್ತ್ರಿ. ನನ್ನ ಎಣಿಕೆ ತಪ್ಪಿತೆಂದು ಇವತ್ತಿನವರೆಗೆ ಒಬ್ಬ ಲಾರಿ ಡ್ರೈವರೂ ಹೇಳಿದ್ದಿಲ್ಲ. ಜಂಬ ಅಂದರೂ ಅನ್ನಿ, ಮಾತು ನಿಜ.

ನಮ್ಮ ಸಾಹುಕಾರರಿಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ಕಡೆ ಗೋದಾಮು. ಎಲ್ಲಿ ಲಾರಿ ನಿಂತಿದೆಯೋ ಅಲ್ಲಿಗೆ ನಾವು. ಎರಡು ವರ್ಷದ ಹಿಂದೆ ಇದಕ್ಕೆಲ್ಲ ಒಂದು ಆ್ಯಪ್ ಬಂತು. ಯಾವ ತಂಡ ಎಲ್ಲಿಗೆ ಹೋಗಬೇಕು, ಯಾರು ಎಷ್ಟು ಚೀಲ ಹೊತ್ತರು, ಎಲ್ಲವೂ ಅದರಲ್ಲಿ. ಕೂಲಿಯೂ ಅದರ ಪ್ರಕಾರವೇ ಅವರವರ ಖಾತೆಗೆ ಹೋಗುತ್ತಿತ್ತು. ಪ್ರತಿ ಸಂಜೆ ತಂಡದ ಹತ್ತು ಹೆಸರಿನ ಮುಂದೆ ಚೀಲದ ಸಂಖ್ಯೆ ತುಂಬುವುದು ಮೇಸ್ತ್ರಿಯ ಕೆಲಸ. ಓದಿದ ಮೇಸ್ತ್ರಿಗಳು ತಿಂಗಳುಗಟ್ಟಲೆ ಒದ್ದಾಡಿದರು. ನಾನು ಮೂರು ದಿನದಲ್ಲಿ ಕಲಿತೆ.

ನನ್ನನ್ನೂ ಸೇರಿಸಿ ಹತ್ತು ಜನರಲ್ಲಿ ಚೀಲ ಹೊರುತ್ತಿದ್ದವರು ಒಂಬತ್ತೇ ಜನ. ಹತ್ತನೆಯವನು ನನ್ನ ಜೋಡಿಯವನು, ಗೋವಿನಕೋವಿಯವನು. ಇಪ್ಪತ್ತು ವರ್ಷ ನಾವಿಬ್ಬರೂ ಆಚೆಗೊಬ್ಬ ಈಚೆಗೊಬ್ಬ ನಿಂತು ಒಂದೇ ಚೀಲದ ಎರಡು ತುದಿ ಹಿಡಿದು ಇನ್ನೊಬ್ಬರ ಬೆನ್ನಿಗೆ ಎತ್ತಿಕೊಟ್ಟವರು. ಆ್ಯಪ್ ಬರುವುದಕ್ಕೆ ಮುಂಚಿನ ಮಾತು: ಜಗಳೂರಿನ ಗೋದಾಮಿನಲ್ಲಿ ಅವನು ಒಂದು ದಿನ ಬಗ್ಗಿದವನು ಮೇಲೇಳಲಿಲ್ಲ. ಖಾಲಿ ಚೀಲಗಳ ಮೇಲೆ ಮಲಗಿಸಿದೆವು. ಬೆನ್ನುಮೂಳೆ ಸವೆದಿದೆ, ಇನ್ನು ಭಾರ ಎತ್ತುವಂತಿಲ್ಲ ಎಂದರು ಡಾಕ್ಟರು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಬೆನ್ನು ಬಿದ್ದವನನ್ನು ತಂಡ ಮನೆಗೆ ಕಳಿಸುವುದಿಲ್ಲ. ಅವನ ಕೈಗೆ ದಬ್ಬಣ, ಸುತಲಿ ಕೊಟ್ಟು ಚೀಲದ ಬಾಯಿ ಹೊಲಿಯಲು ಕೂರಿಸುತ್ತದೆ. ಅವನ ಪಾಲಿನ ಚೀಲ ಉಳಿದವರು ಹೊರುತ್ತಾರೆ. ಸಂಜೆ ಎಲ್ಲರಿಗೂ ಸಮ. ನಾನು ಆ್ಯಪಿನಲ್ಲೂ ಹಾಗೆಯೇ ತುಂಬುತ್ತಿದ್ದೆ. ದಿನದ ಒಟ್ಟು ಚೀಲವನ್ನು ಹತ್ತರಿಂದ ಭಾಗಿಸಿ ಹತ್ತು ಹೆಸರಿಗೂ ಒಂದೇ ಸಂಖ್ಯೆ. ಗೋದಾಮಿಗೆ ಕಾಲಿಡದ ಸಾಹುಕಾರರಿಗೆ ಇದು ಗೊತ್ತಿರಲಿಲ್ಲ. ಗೊತ್ತಾದರೆ ಅವನ ಕೆಲಸ ಹೋಗುತ್ತದೆಂದು ನಮಗೆಲ್ಲ ಗೊತ್ತಿತ್ತು.

ಹೋದ ವರ್ಷ ಆ್ಯಪ್ ಕಂಪನಿಯ ಹೆಣ್ಣುಮಗಳೊಬ್ಬಳು ಬಂದು, ದಾವಣಗೆರೆಯ ಹೋಟೆಲಿನಲ್ಲಿ ಒಂದು ಸಮ್ಮೇಳನವಿದೆ, ಜನ ಒಟ್ಟಾಗಿ ಕೆಲಸ ಮಾಡಲು ಬೇಕಾದ ಸಾಫ್ಟ್‌ವೇರ್ ತಯಾರಿಸುವವರೆಲ್ಲ ಸೇರುತ್ತಾರೆ, ನೀವು ವೇದಿಕೆಯ ಮೇಲೆ ನಾಲ್ಕು ಮಾತಾಡಬೇಕು ಎಂದಳು. ತಂಡ ಒಂದು ವಾರ ನನ್ನನ್ನು ಆಡಿಕೊಂಡಿತು.

"ಮೇಸ್ತ್ರಿ, ಮೈಕ್ ಕೊಟ್ರೆ ಹೆಗಲಿಗೆ ಇಟ್ಕಂಬ್ಯಾಡ. ಅದು ಅರವತ್ತು ಕೆಜಿ ಇರಲ್ಲ!"

"ಇಂಗ್ಲೀಷಲ್ಲಿ ಕೇಳಿದ್ರೆ ಏನ್ ಮಾಡ್ತೀಯ?"

"ಚೀಲ ಎಷ್ಟು ಅಂತ ಯಾವ ಭಾಷೇಲಿ ಕೇಳಿದ್ರೂ ಹೇಳ್ತೀನಿ ಕಣ್ರಲೇ," ಎಂದೆ.

ಜೋಡಿಯವನು ನಗಲಿಲ್ಲ. ದಬ್ಬಣಕ್ಕೆ ಸುತಲಿ ಪೋಣಿಸುತ್ತಾ, "ಸಾವ್ಕಾರ್ರೂ ಬರ್ತಾರಂತಲ್ಲ. ನನ್ನ ವಿಷ್ಯ ಅಲ್ಲಿ ಬಾಯಿ ಬಿಡಬ್ಯಾಡ ಮಾರಾಯ," ಎಂದ.

"ನನಗೆ ಅಷ್ಟೂ ಗೊತ್ತಾಗಲ್ವೇನಲೇ?" ಎಂದು ರೇಗಿದೆ.

ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬೆಳಗಿನ ಬಸ್ಸು ಹತ್ತಿದೆ. ಹೋಟೆಲಿನ ಬಾಗಿಲಲ್ಲೇ ನನ್ನ ಹೆಸರಿನ ಕಾರ್ಡು ಕೊರಳಿಗೆ ಹಾಕಿದರು. ಒಳಗೆ ಮೈ ನಡುಗುವ ಏಸಿ. ಬೆಂಗಳೂರಿನಿಂದ ಬಂದವರೇ ಹೆಚ್ಚು, ಎಲ್ಲರ ತೊಡೆಯ ಮೇಲೂ ಲ್ಯಾಪ್‌ಟಾಪು. ಒಂದು ಗೋಡೆಯ ತುಂಬ ಹಳದಿ ಚೀಟಿ ಅಂಟಿಸಿದ್ದರು. ಏನೆಂದು ಕೇಳಿದೆ. ಒಗ್ಗಟ್ಟು ಅಂದರೇನು ಅಂತ ಒಬ್ಬೊಬ್ಬರು ಒಂದೊಂದು ಮಾತು ಬರೆದಿದ್ದಾರೆ, ನೀವೂ ಬರೆಯಿರಿ ಎಂದು ಆ ಹೆಣ್ಣುಮಗಳು ಪೆನ್ನು ಕೊಟ್ಟಳು. ಅಷ್ಟು ಜನರ ಎದುರು ನನ್ನ ಅಕ್ಷರ ತೋರಿಸಲು ಮನಸ್ಸಾಗದೆ, ಆಮೇಲೆ ಬರೀತೀನಿ ಎಂದು ಜೇಬಿಗಿಟ್ಟೆ. ಇಬ್ಬರು ಕೆಲಸದವರು ಮೇಜೊಂದನ್ನು ಸೊಂಟ ಬಗ್ಗಿಸಿ ಎತ್ತುತ್ತಿದ್ದರು. ಹೋಗಿ, ಬೆನ್ನಿಗೆ ಭಾರ ಬೀಳದ ಹಾಗೆ ಮಂಡಿ ಮಡಿಸಿ ಕೂತು ಎತ್ತುವುದನ್ನು ತೋರಿಸಿಕೊಟ್ಟೆ. ಅಲ್ಲಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.

ನನ್ನ ಸರದಿ ಬಂತು. ಹಿಂದಿನ ಪರದೆಯ ಮೇಲೆ ನಮ್ಮ ತಂಡದ ಹತ್ತು ಹೆಸರು, ಮುಂದೆ ದಿನದಿನದ ಚೀಲದ ಸಂಖ್ಯೆ. ಸಾಹುಕಾರರು ಮೊದಲ ಸಾಲಿನಲ್ಲಿದ್ದರು. ನಾನು ಗೋದಾಮು, ಲಾರಿ, ಆ್ಯಪ್ ಕಲಿತದ್ದು ಎಲ್ಲ ಹೇಳಿದೆ, ಜನ ಚಪ್ಪಾಳೆ ತಟ್ಟಿದರು. ಅಷ್ಟಕ್ಕೇ ಇಳಿದಿದ್ದರೆ ಸಾಕಿತ್ತು.

ಹಿಂದಿನ ಸಾಲಿನಿಂದ ಕನ್ನಡಕದವನೊಬ್ಬ ಎದ್ದು ಇಂಗ್ಲಿಷಿನಲ್ಲಿ ಏನೋ ಕೇಳಿದ. ಸಭೆ ನಕ್ಕಿತು. ಆ ಹೆಣ್ಣುಮಗಳು ಮುಜುಗರದಿಂದ ಕನ್ನಡದಲ್ಲಿ ಹೇಳಿದಳು: "ಹತ್ತು ಜನರದ್ದೂ ದಿನಾ ಒಂದೇ ಸಂಖ್ಯೆ ಇದೆಯಂತೆ ಅಣ್ಣ. ಹೀಗೆ ಸಾಧ್ಯವೇ ಇಲ್ಲ, ಮನೇಲಿ ಕೂತು ಸುಮ್ಮನೆ ತುಂಬಿದ್ದಲ್ವಾ ಅಂತ ಕೇಳ್ತಿದ್ದಾರೆ."

ನನ್ನ ಕಿವಿ ಬಿಸಿಯಾಯಿತು. ಇಷ್ಟು ವರ್ಷದಲ್ಲಿ ಯಾರೂ ಅನ್ನದ ಮಾತು. ಮೈಕನ್ನು ಬಾಯಿಗೆ ಹತ್ತಿರ ತಂದೆ.

"ಸುಳ್ಳು ಬರೆಯೋನಲ್ಲ ರೀ ನಾನು. ಒಟ್ಟು ಚೀಲ ಎಣಿಸಿ ನೋಡ್ರಿ, ಒಂದು ಹೆಚ್ಚು ಕಮ್ಮಿ ಇದ್ರೆ ಈ ಕೆಲ್ಸಾನೇ ಬಿಡ್ತೀನಿ. ನಮ್ಮಾಗೆ ಸಮ ಹಂಚೋದೈತೆ. ಅಗಾ, ಆ ಕೊನೇ ಹೆಸ್ರು ನೋಡ್ರಿ. ಅವನಿಗೆ ಬೆನ್ನಿಲ್ಲ. ಮೂರು ವರ್ಷ ಆತು, ಒಂದು ಚೀಲ ಹೊತ್ತಿಲ್ಲ. ಅವನ ಪಾಲಿಂದು ನಾವು ಒಂಬತ್ತು ಜನ ಹೊರ್ತೀವಿ. ನಿಮ್ಮ ಯಾವ ಆ್ಯಪಿಗೆ ಬರ್ತೈತ್ರಿ ಅದು?"

ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಕನ್ನಡಕದವನೂ ಹೊಡೆದ. ನನ್ನ ಎದೆ ಉಬ್ಬಿತ್ತು. ಆಗ ಮೊದಲ ಸಾಲು ಕಂಡಿತು. ಸಾಹುಕಾರರು ಚಪ್ಪಾಳೆ ತಟ್ಟುತ್ತಿರಲಿಲ್ಲ. ತಿರುಗಿ ಪರದೆಯನ್ನು ನೋಡಿದೆ. ನನ್ನ ಬೆರಳು ಇನ್ನೂ ಆ ಕೊನೆಯ ಹೆಸರಿನ ಕಡೆಗೇ ಇತ್ತು.

ಊಟಕ್ಕೆ ನಿಂತಿದ್ದಾಗ ಸಾಹುಕಾರರೇ ತಟ್ಟೆ ಹಿಡಿದು ಬಂದರು. ಬೈಯಲಿಲ್ಲ.

"ಅಲ್ಲಯ್ಯ ಮೇಸ್ತ್ರಿ, ಬೆನ್ನು ಹೋದವನ್ನ ಲಾರಿ ಮಗ್ಗುಲಾಗೆ ಕೂರ್ಸಿದ್ದೀರಲ್ಲ. ನಾಳೆ ಅವನ ಮ್ಯಾಲೊಂದು ಚೀಲ ಬಿದ್ರೆ ಯಾರ ತಲೆಗೆ ಬರ್ತೈತೆ?"

"ನಾನು ನೋಡ್ಕಂತೀನಿ ಸಾವ್ಕಾರ್ರೇ. ಹೊಲಿಯೋದೂ ಕೆಲ್ಸ ಅಲ್ವಾ?"

"ಹೊಲಿಯಾಕೆ ಮಿಷನ್ ತರಿಸ್ತೀನಿ. ಅವನ ಹೆಸ್ರು ಇವತ್ತೇ ತೆಗಿ."

ಪಕ್ಕದಲ್ಲಿದ್ದ ಆ ಹೆಣ್ಣುಮಗಳ ಮುಖ ಬಾಡಿತು. ಅವಳ ಕಂಪನಿಯ ಇನ್ನೊಬ್ಬ ಮಾತ್ರ ಹುರುಪಿನಲ್ಲಿದ್ದ. ಒಳ್ಳೆಯ ವಿಷಯ ತಿಳಿಸಿದಿರಿ, ಇನ್ನು ಯಾವ ಚೀಲ ಯಾರು ಹೊತ್ತರೆಂದು ಫೋನೇ ಗುರುತಿಸುವ ಹಾಗೆ ಮಾಡುತ್ತೇವೆ, ಈ ತೊಂದರೆ ಮತ್ತೆ ಬರುವುದಿಲ್ಲ ಎಂದ.

ನಾನು ಮನೆಗೆ ಹೋಗದೆ ನೇರ ಗೋವಿನಕೋವಿಗೆ ಹೋದೆ. ಇನ್ನೂ ಬಿಸಿಲಿತ್ತು. ಅವತ್ತು ತಂಡಕ್ಕೆ ರಜೆ, ಜೋಡಿಯವನು ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದ. ಕೊರಳಲ್ಲಿ ಆ ಕಾರ್ಡು ಹಾಗೇ ಇದೆಯೆಂದು ಅವನು ನೋಡಿದಾಗಲೇ ನನಗೆ ತಿಳಿದದ್ದು. ಆದದ್ದನ್ನೆಲ್ಲ ಹೇಳಿದೆ. ಅವನ ಹೆಂಡತಿ ಬಾಗಿಲಲ್ಲಿ ಬಂದು ನಿಂತು ಕೇಳಿಸಿಕೊಂಡು ಒಳಗೆ ಹೋದಳು.

"ಸುಳ್ಳ ಅಂದ್ರಲೇ ನನ್ನ," ಎಂದೆ.

"ಅಂದ್ರೆ ಅಂದ್ರು. ಅವ್ರೇನು ನಿನ್ನ ಬೀಗ್ರಾ?" ಅವನು ನನ್ನ ಕೊರಳಿನ ಕಾರ್ಡನ್ನು ತಿರುಗಿಸಿ ನೋಡಿದ. "ಚಪ್ಪಾಳೆ ಎಷ್ಟು ಜನ ಹೊಡೆದ್ರು?"

"ಎಣಿಸಲಿಲ್ಲ."

"ನೀನು? ಎಣಿಸಲಿಲ್ಲ?"

ನಾನು ಜೇಬಿನಿಂದ ಫೋನು ತೆಗೆದೆ. ಅವನೇ ಕೈ ಚಾಚಿದ. "ಹೆಸ್ರು ತೆಗೆದಿದ್ದೀಯಾ?"

"ಇಲ್ಲ. ಕೈ ಬರ್ತಿಲ್ಲ."

"ತಾ ಇಲ್ಲಿ. ಎಲ್ಲಿ ಒತ್ಬೇಕು, ತೋರ್ಸು."

ಬೇಡ ಎನ್ನಬೇಕಿತ್ತು. ಫೋನು ಕೊಟ್ಟೆ, ಜಾಗವನ್ನೂ ತೋರಿಸಿದೆ. ಖಚಿತವೇ ಎಂದು ಅದು ಇನ್ನೊಮ್ಮೆ ಕೇಳಿತು. ದಬ್ಬಣ ಹಿಡಿದು ಗಟ್ಟಿಯಾದ ಬೆರಳು, ಮೊದಲ ಸಲ ಒತ್ತಿದ್ದು ಹತ್ತಲಿಲ್ಲ. ಹೆಗಲ ಟವಲಿನಿಂದ ಬೆರಳು ಒರೆಸಿಕೊಂಡು ಮತ್ತೆ ಒತ್ತಿದ. ಪಟ್ಟಿಯಲ್ಲಿ ಒಂಬತ್ತು ಹೆಸರು ಉಳಿದವು. ಫೋನನ್ನೂ ಒರೆಸಿ ನನ್ನ ಕೈಗಿಟ್ಟ.

ಒಳಗಿನಿಂದ ಅವನ ಹೆಂಡತಿ ಒಂದೇ ಲೋಟ ಚಹಾ ತಂದು ನನ್ನ ಮುಂದಿಟ್ಟಳು. ದಿನಾ ಅಣ್ಣಾ ಎನ್ನುತ್ತಿದ್ದವಳು ಅವತ್ತು ಲೋಟವಿಟ್ಟು ತಿರುಗಿ ಒಳಗೆ ಹೋದಳು.

"ಕುಡ್ದು ಹೋಗು, ಆರ್ತೈತೆ," ಎಂದ ಅವನು.

ಕುಡಿದು ಎದ್ದೆ.