ಸಬ್‌ವೂಫರ್ ಕಟ್ಟುವ ದೊರೈಕಣ್ಣು

ದೊರೈಕಣ್ಣು ಅಣ್ಣ ಹಾಡು ಕೇಳುವಾಗ ಅಂಗೈಯನ್ನು ನೆಲಕ್ಕೆ ಊರುತ್ತಿದ್ದರು. ಮೊದಲು ಚಪ್ಪಲಿ ಬಿಡುವುದು, ಆಮೇಲೆ ಮಂಡಿಯೂರಿ ಕೂರುವುದು, ಬಲಗೈಯ ಐದೂ ಬೆರಳು ಅಗಲಿಸಿ ಸಿಮೆಂಟಿನ ಮೇಲಿಟ್ಟು ಕಣ್ಣು ಮುಚ್ಚುವುದು. ಅಂಗಡಿಗೆ ಹೊಸದಾಗಿ ಬಂದವರು ಇವರು ಯಾವುದೋ ದೇವರಿಗೆ ಅಡ್ಡಬೀಳುತ್ತಿದ್ದಾರೆಂದು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ಎದುರಿಗೆ ಇರುತ್ತಿದ್ದುದು ಮದುವೆ ಬ್ಯಾಂಡಿನವರು ರಿಪೇರಿಗೆ ತಂದಿಟ್ಟ ಹಳೇ ಸ್ಪೀಕರು.

ಕೆಜಿಎಫ್‌ನ ನಂದಿದುರ್ಗ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುವ ಮಿಷನ್ ಹಿಡಿದಿದ್ದವರು ಅವರು. ಗಣಿ ಮುಚ್ಚಿದ ಮೇಲೆ ಬಂಗಾರಪೇಟೆ ಸ್ಟೇಷನ್ ಪಕ್ಕದ ಗಲ್ಲಿಯಲ್ಲಿ ಒಂದು ಮಳಿಗೆ ಹಿಡಿದು, ಹರಿದ ಸ್ಪೀಕರಿಗೆ ಹೊಸ ಕಾಗದ ಅಂಟಿಸುವುದು, ಸುಟ್ಟ ಕಾಯಿಲ್ ಸುತ್ತುವುದು, ಪ್ಲೈವುಡ್‌ನಲ್ಲಿ ಪೆಟ್ಟಿಗೆ ಕಟ್ಟುವುದು, ಹೀಗೆ ಜೀವನ ಮಾಡುತ್ತಿದ್ದರು. ಮನೆ ಮಾತ್ರ ನಂದಿದುರ್ಗದ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲೇ. ಬೆಳಿಗ್ಗೆ ರೈಲಿನಲ್ಲಿ ಬರುವರು, ಸಂಜೆ ರೈಲಿನಲ್ಲಿ ಹೋಗುವರು.

ಆ ಕೊರೆಯುವ ಮಿಷನ್ನು ಅವರ ಕಿವಿಯನ್ನು ತಿಂದುಹಾಕಿತ್ತು. ಸೈಕಲ್ ಬೆಲ್ಲು, ಹಕ್ಕಿ, ಹೆಂಗಸರ ದನಿ ಯಾವುದೂ ಅವರನ್ನು ಮುಟ್ಟುತ್ತಿರಲಿಲ್ಲ. “ಮೇಲಿಂದೆಲ್ಲ ಓಯ್ತಮ್ಮ, ಕೆಳಗಿಂದು ಐತೆ,” ಎನ್ನುತ್ತಿದ್ದರು, ಮನೆಯ ಮಹಡಿ ಕುಸಿದರೂ ನೆಲಮಾಳಿಗೆ ಉಳಿದುಕೊಂಡಿದೆ ಅನ್ನುವ ಹಾಗೆ. “ಗಣೀಲಿ ನಾವು ಕಿವೀಲಿ ಎಲ್ಲಮ್ಮ ಕೇಳ್ತಾ ಇದ್ದಿದ್ದು? ಕಾಲಲ್ಲಿ. ಏರ್ ಬ್ಲಾಸ್ಟ್ ಆಗೋಕ್ ಮುಂಚೆ ಬಂಡೆ ಒಳಗೊಳಗೇ ಗೊಣಗ್ತದೆ. ಅದು ಕಾಲಿಗೆ ತಿಳೀಬೇಕು. ತಿಳೀದಿದ್ದೋನು ಮೇಲಕ್ ಬರಲ್ಲ.” ಆಳದಲ್ಲಿ ಬಂಡೆ ಒಮ್ಮೆಲೇ ಸಿಡಿಯುವುದಕ್ಕೆ ಗಣಿಯವರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು.

ನಾವು ಮಾತಾಡುವಾಗ ಅವರ ಕಣ್ಣು ನಮ್ಮ ತುಟಿಯ ಮೇಲಿರುತ್ತಿತ್ತು. ಮೊದಲ ದಿನ ನನಗೆ ಮುಜುಗರವಾಗಿ ಸೆರಗು ಸರಿಪಡಿಸಿಕೊಂಡೆ. ಅವರೇ ನಕ್ಕು ಹೇಳಿದರು: “ತಪ್ ತಿಳ್ಕೋಬೇಡಮ್ಮ. ಮಿಷನ್ ಓಡೋವಾಗ ಎಷ್ಟ್ ಕೂಗಿದ್ರೂ ಕೇಳಲ್ಲ, ಬಾಯ್ ನೋಡೇ ಮಾತು. ಕನ್ನಡ, ತಮಿಳು, ತೆಲುಗು ಮೂರೂ ಓದ್ತೀನಿ. ಇಂಗ್ಲಿಷ್ ಆಗಲ್ಲ. ಆಪೀಸರ್‌ಗಳು ಬಾಯೇ ತೆಗೆಯಲ್ಲ, ಎಂಗ್ ಓದೋದು?” ಇದನ್ನು ಅವರು ಮೊದಲ ದಿನವೇ ಹೇಳಿದ್ದರು. ನಾನು ಕೇಳಿಸಿಕೊಂಡು ನಕ್ಕೂ ಇದ್ದೆ.

ನಾನು ಕೆಜಿಎಫ್‌ನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ವಾಸ ಬಂಗಾರಪೇಟೆಯಲ್ಲಿ. ತವರು ಕಾಮಸಮುದ್ರದ ಕಡೆ ಒಂದು ಹಳ್ಳಿ. ಅಪ್ಪ ಹಸು ಕಟ್ಟಿಕೊಂಡಿದ್ದವರು, ಊರ ಭಜನೆಯಲ್ಲಿ ಮೃದಂಗ ನುಡಿಸುತ್ತಿದ್ದರು. ಅವರು ತೀರಿಕೊಂಡು ಬಹಳ ದಿನಗಳ ಮೇಲೆ, ಭಜನೆಯವರು ಹಿಂದೆಂದೋ ಮಾಡಿದ್ದ ಒಂದು ಕ್ಯಾಸೆಟ್ ಸಿಕ್ಕಿತು. ಅದನ್ನು ಕಂಪ್ಯೂಟರಿಗೆ ಹಾಕಿಸಿಕೊಂಡೆ. ಪುಸ್ತಕದ ಕಪಾಟಿನಲ್ಲಿ ಇಡುವಂಥ ಎರಡು ಪುಟ್ಟ ಸ್ಪೀಕರ್ ನನ್ನಲ್ಲಿದ್ದವು. ಹಾಡುವವರ ಗಂಟಲು, ತಾಳ, ಹಾರ್ಮೋನಿಯಂ ಎಲ್ಲ ಕನ್ನಡಿಯಷ್ಟು ಸ್ಪಷ್ಟವಾಗಿ ಕೇಳಿದವು. ಅಪ್ಪನ ಬಲಗೈ ಕೇಳಿತು. ಎಡಗೈ ಮಾತ್ರ ಇರಲೇ ಇಲ್ಲ. ಮೃದಂಗದ ಎಡಮುಖಕ್ಕೆ ರವೆ ಕಲಸಿ ಮೆತ್ತಿ ಅಪ್ಪ ಹೊರಡಿಸುತ್ತಿದ್ದ ಆ ತುಂಬು ನಾದ ಸಣ್ಣ ಸ್ಪೀಕರಿನ ಅಳವಿಗೆ ಮೀರಿದ್ದಾಗಿತ್ತು. ಕೆಳಗಿನ ಸ್ವರಕ್ಕೆಂದೇ ಇರುವ ಪೆಟ್ಟಿಗೆ, ಅಂದರೆ ಒಂದು ಸಬ್‌ವೂಫರ್ ಬೇಕೆಂದು ಗೊತ್ತಾಯಿತು. ದುಬಾರಿಯದು ಕೊಳ್ಳುವ ಶಕ್ತಿ ಇರಲಿಲ್ಲ. ಹಾಗೆ ದೊರೈಕಣ್ಣು ಅಣ್ಣನ ಅಂಗಡಿ ಮೆಟ್ಟಿಲು ಹತ್ತಿದೆ.

ಅವರು ಕೇಳಿದ ಮೊದಲ ಪ್ರಶ್ನೆ, “ಸಿನಿಮಾ ನೋಡಕ್ಕಾ, ಪಾಟು ಕೇಳಕ್ಕಾ?”

“ಹಾಡಿಗೆ ಅಣ್ಣ. ಮೃದಂಗಕ್ಕೆ.”

“ಅಂಗಿದ್ರೆ ದೊಡ್ಡದು ಬ್ಯಾಡ,” ಎಂದು ಅಂಗಡಿಯಲ್ಲಿದ್ದ ಎರಡು ಪೆಟ್ಟಿಗೆಗಳನ್ನು ಒಂದರ ಹಿಂದೊಂದು ನುಡಿಸಿದರು. ಮೊದಲನೆಯದು ಹನ್ನೆರಡು ಇಂಚಿನದು, ಗಾಳಿ ಹೊರಗೆ ಬರಲು ಮುಂದೆ ತೂತಿದ್ದದ್ದು. ಎದೆ ಝಲ್ಲೆಂದಿತು, ನನಗೆ ಇಷ್ಟವೇ ಆಯಿತು. ಎರಡನೆಯದು ಎಂಟು ಇಂಚಿನದು, ಸುತ್ತಲೂ ಮುಚ್ಚಿದ್ದು. ಏನೂ ವಿಶೇಷ ಅನ್ನಿಸಲಿಲ್ಲ. ನನ್ನ ಮುಖ ನೋಡಿ ಅವರಿಗೆ ಅರ್ಥವಾಯಿತು.

“ದೊಡ್ಡೋನು ಒಂದ್ ಏಟು ಒಡುದ್ರೆ ಇನ್ನೊಂದ್ ಏಟು ಬರೋವರ್ಗೂ ಗೊಣಗ್ತಾನೇ ಇರ್ತಾನೆ. ಮೃದಂಗದೋರು ಕೈ ಎತ್ತಿರ್ತಾರೆ, ಇವ್ನು ಎತ್ತಲ್ಲ. ಈ ಚಿಕ್ಕೋನ್ನ ನೋಡಿ, ಕೈ ಎತ್ತಿದ್ ತಕ್ಷಣ ಸುಮ್ನಾಗ್ತಾನೆ. ನಿಮ್ ಸಣ್ಣ ಸ್ಪೀಕರ್ ಎಲ್ಲಿ ಸುಸ್ತಾಗ್ತದೋ ಅಲ್ಲಿಂದ ಇವ್ನು ಇಡ್ಕೋಬೇಕು. ನಮ್ ಶಿಪ್ಟ್ ಇದ್ದಂಗೆ. ಅವ್ರು ಮೇಲಕ್ ಬರೋದಕ್ಕೂ ನಾವ್ ಇಳಿಯೋದಕ್ಕೂ ಸರಿಯಾಗ್ಬೇಕು. ಮೊದ್ಲೇ ಇಳುದ್ರೆ ಇಬ್ರೂ ಗುದ್ದಾಡ್ತಾರೆ, ತಡವಾದ್ರೆ ಮಧ್ಯ ಕೆಲ್ಸ ನಿಂತೋಗ್ತದೆ.”

ಎಷ್ಟೋ ಜಾಲತಾಣಗಳನ್ನು ಓದಿದ್ದೆ. ಇಷ್ಟು ತಿಳಿಯಾಗಿ ಯಾರೂ ಹೇಳಿರಲಿಲ್ಲ. ಆದರೂ ಕೋಣೆ ನೋಡದೆ ತೀರ್ಮಾನ ಮಾಡಬಾರದೆಂದು ಅವರೇ ಭಾನುವಾರ ಮನೆಗೆ ಬರುತ್ತೇನೆಂದರು.

ಆ ಭಾನುವಾರ ಮಧ್ಯಾಹ್ನ ಆಟೋದಲ್ಲಿ ಎಂಟಿಂಚಿನ ಪೆಟ್ಟಿಗೆ ಇಟ್ಟುಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಪೆಟ್ಟಿಗೆಯನ್ನು ನಾನು ದಿನಾ ಕೂರುವ ಕುರ್ಚಿಯ ಮೇಲಿಟ್ಟರು. ಅಪ್ಪನ ಭಜನೆ ಹಾಕಿಸಿದರು. ಆಮೇಲೆ ಗೋಡೆಯ ಅಂಚು ಹಿಡಿದು ಮಂಡಿಯಲ್ಲಿ ನಡೆಯತೊಡಗಿದರು. ಎರಡು ಅಡಿಗೊಮ್ಮೆ ನಿಂತು ಅಂಗೈ ಊರಿ, ಕಿವಿಯನ್ನು ನೆಲದ ಹತ್ತಿರ ತಂದು, ತಲೆಯಾಡಿಸಿ ಮುಂದೆ ಹೋಗುವರು. ಕೂರುವ ಜಾಗದಿಂದ ನುಡಿಸಿದಾಗ ಕೋಣೆಯಲ್ಲಿ ಎಲ್ಲಿ ನಾದ ಸಮವಾಗಿ ಕೇಳುತ್ತದೋ, ಪೆಟ್ಟಿಗೆಯನ್ನು ಕೊನೆಗೆ ಅಲ್ಲಿಡಬೇಕು ಎಂಬುದು ಅವರ ಲೆಕ್ಕ.

ಆ ಹೊತ್ತಿಗೇ ಪ್ರಭಾಕರ್ ಬಂದರು. ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರು. ಅವರ ಮನೆಯಲ್ಲಿ ವಿದೇಶದ ಸ್ಪೀಕರುಗಳಿದ್ದವು. ಕಾಲೇಜಿನಲ್ಲಿ ಸಂಗೀತ ಕೇಳುವ ವಿಷಯ ಬಂದರೆ ಅವರದೇ ಕೊನೇ ಮಾತು. ಹನ್ನೆರಡು ಇಂಚಿನ ಒಂದು ಕಂಪನಿ ಸಬ್‌ವೂಫರ್ ಕೊಳ್ಳಿ ಎಂದು ನನಗೆ ಮೊದಲೇ ಹೇಳಿದ್ದರು. ಅವರ ಕಣ್ಣಿಗೆ ನಾನೂ ತಿಳಿದವಳೆಂದು ಕಾಣಬೇಕು ಎಂಬ ಆಸೆ ನನಗೆ ಒಳಗೇ ಇತ್ತು. ಅವರು ಬಾಗಿಲಲ್ಲೇ ನಿಂತು, ನೆಲದ ಮೇಲೆ ಅಂಬೆಗಾಲಿಡುತ್ತಿದ್ದ ಮುದುಕನನ್ನು ನೋಡಿ ಹುಬ್ಬೇರಿಸಿದರು.

“ಇವರಾ ಮೇಡಂ ನಿಮ್ಮ ಸೌಂಡ್ ಎಂಜಿನಿಯರ್ರು?”

ದೊರೈಕಣ್ಣು ಅಣ್ಣನ ಬೆನ್ನು ನಮ್ಮ ಕಡೆಗಿತ್ತು, ಮುಖ ಆರಿಸಿದ್ದ ಟೀವಿಯತ್ತ. ನಾನು ನಕ್ಕೆ. ನಕ್ಕು ಹೇಳಿದೆ: “ಅಯ್ಯೋ, ಅವನು ಪೂರ್ತಿ ಕಿವುಡ ಸರ್. ಪಾಪ ಅಂತ ಕರೆದೆ. ಅವನ ಪಾಡಿಗೆ ನೆಲ ಒರೆಸಿಕೊಂಡು, ಒಂದು ಲೋಟ ಕಾಫಿ ಕುಡಿದು ಹೋಗ್ತಾನೆ. ನೀವು ಹೇಳಿದ್ದನ್ನೇ ತರಿಸ್ತೀನಿ.”

ಎದುರಿಗೆ ‘ಅಣ್ಣ, ನೀವು’ ಎನ್ನುತ್ತಿದ್ದವಳು ಬೆನ್ನ ಹಿಂದೆ ಒಂದೇ ಉಸಿರಿಗೆ ‘ಅವನು’ ಎಂದಿದ್ದೆ. ಪ್ರಭಾಕರ್ ಜೋರಾಗಿ ನಕ್ಕರು. ಅವರನ್ನು ನಗಿಸಿದೆನಲ್ಲ ಎಂದು ಆ ಕ್ಷಣ ನನಗೆ ಖುಷಿಯಾಯಿತು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಅಣ್ಣ ಊರಿದ್ದ ಅಂಗೈಯನ್ನು ನೆಲದಿಂದ ಎತ್ತಿಕೊಂಡರು. ಆಮೇಲೆ ಮುಂದಕ್ಕೆ ಸರಿದು, ಬೀರುವಿನ ಎಡಪಕ್ಕ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದರು. ಎದ್ದು ಮಂಡಿ ಕೊಡವಿಕೊಂಡು, ಜೇಬಿನಿಂದ ಚೀಟಿ ತೆಗೆದು ಏನು ಕೊಳ್ಳಬೇಕು, ಯಾವ ಗುಂಡಿ ಎಷ್ಟು ತಿರುಗಿಸಬೇಕು ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರು. ನಾನು ಕಾಫಿ ತಂದೆ.

“ಕಾಪಿ ಬ್ಯಾಡಮ್ಮ,” ಎಂದರು. ಪ್ರಭಾಕರ್‌ಗೆ ಕೈ ಮುಗಿದು, ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದರು. ಅವರಿಗೆ ಕಾಫಿಯೆಂದರೆ ಪ್ರಾಣ ಎಂದು ನನಗೆ ಗೊತ್ತಿತ್ತು.

ಪ್ರಭಾಕರ್ ಹೇಳಿದ ಹನ್ನೆರಡು ಇಂಚಿನದನ್ನೇ ಕಂತಿನ ಮೇಲೆ ತರಿಸಿದೆ. ಮುಂದೆ ನೀಲಿ ದೀಪವಿತ್ತು. ಅವರು ಹೇಳಿದಂತೆ ಮೂಲೆಯಲ್ಲಿಟ್ಟೆ. ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಗಲಗಲ ಎಂದವು. ಪಕ್ಕದ ಮನೆಯವರು ಬಂದು ಏನದು ಸದ್ದು ಎಂದು ಕೇಳಿದರು. ಅಪ್ಪನ ಮೃದಂಗ ಯಾರೋ ಖಾಲಿ ಡ್ರಮ್ಮು ಉರುಳಿಸಿದ ಹಾಗೆ ಕೇಳಿತು, ಅದರ ಗೊಣಗು ಹಾಡಿದವರ ಸಾಹಿತ್ಯವನ್ನೂ ನುಂಗಿತು. ಒಂದು ವಾರ ಗುಂಡಿ ತಿರುಗಿಸಿ ತಿರುಗಿಸಿ ಸೋತು ಅದರ ಮೇಲೆ ಬಟ್ಟೆ ಹೊದಿಸಿದೆ. ದೊರೈಕಣ್ಣು ಅಣ್ಣನ ಅಂಗಡಿ ಎದುರಾಗದಿರಲಿ ಎಂದು ಸ್ಟೇಷನ್ನಿನ ಇನ್ನೊಂದು ಕಡೆಯಿಂದ ಸುತ್ತಿ ಓಡಾಡತೊಡಗಿದೆ. ಹೀಗೇ ನಾಲ್ಕೈದು ತಿಂಗಳು ಕಳೆದವು.

ಕೊನೆಗೊಂದು ಸಂಜೆ ಧೈರ್ಯ ಮಾಡಿ ಹೋದೆ. ಬ್ಯಾಂಡಿನವರಿಬ್ಬರು ತಮ್ಮ ಸ್ಪೀಕರಿಗಾಗಿ ಕಾದು ಕೂತಿದ್ದರು. ಅಣ್ಣ ಬೆಸುಗೆ ಹಾಕುವುದನ್ನು ನಿಲ್ಲಿಸಿ ನನ್ನ ಬಾಯಿ ನೋಡಿದರು.

“ಅಣ್ಣ, ಚೀಟಿ ಎಲ್ಲೋ ಕಳೆದುಹೋಯ್ತು, ಅದಕ್ಕೇ ಇಷ್ಟು ದಿನ...”

“ಚೀಟಿ ಕಳೆದಿಲ್ಲಮ್ಮ,” ಎಂದರು ಮೆಲ್ಲಗೆ. “ನಿಮ್ ಮನೆ ಟೀವಿ ಆಪಾಗಿತ್ತು. ಗಾಜೆಲ್ಲ ಕಪ್ಪಗಿತ್ತು. ಕಿಟಕಿ ಬೆಳಕು ನಿಮ್ಮಿಬ್ರ ಮುಖದ್ ಮೇಲೇ ಇತ್ತು, ಅದ್ರಲ್ಲಿ ನಿಮ್ ಬಾಯಿ ಚೆನ್ನಾಗ್ ಕಾಣ್ತಿತ್ತು.” ಬೆಸುಗೆ ಕಡ್ಡಿಯನ್ನು ಕೆಳಗಿಟ್ಟು, “ಕಿವುಡ ಅಂದಿದ್ದಕ್ಕೆ ಬೇಜಾರಿಲ್ಲ, ಇರೋದನ್ನೇ ಅಂದ್ರಿ. ನೆಲ ಒರೆಸ್ತಾನೆ ಅಂದ್ರಲ್ಲ, ಅದ್ಕೆ ಎರಡ್ ದಿನ ಅನ್ನ ಇಳೀಲಿಲ್ಲ ನಂಗೆ,” ಎಂದರು.

ಬಾಯಿ ತೆರೆದೆ. ಆದರೆ ನಾನು ಮಾತು ಜೋಡಿಸಿಕೊಳ್ಳುವ ಮೊದಲೇ ಅವರು ಎದ್ದು, ನನಗೆ ಬೆನ್ನು ಮಾಡಿ ಮೇಲಿನ ಹಲಗೆಯತ್ತ ತಿರುಗಿದರು. ತುಟಿ ನೋಡಿ ಮಾತು ತಿಳಿಯುವ ಮನುಷ್ಯನ ಬೆನ್ನಿಗೆ ಏನು ಹೇಳುವುದು? ಬ್ಯಾಂಡಿನವರು ನನ್ನನ್ನೇ ನೋಡುತ್ತಿದ್ದರು. ತೆರೆದ ಬಾಯಿ ಮುಚ್ಚಿದೆ.

ಹಲಗೆಯಿಂದ ಅವರು ಇಳಿಸಿದ್ದು ಗೋಣಿಚೀಲ ಸುತ್ತಿದ್ದ ಒಂದು ಪೆಟ್ಟಿಗೆ. ಹೊಸ ಪ್ಲೈವುಡ್ಡು, ಎಂಟು ಇಂಚು, ಸುತ್ತಲೂ ಮುಚ್ಚಿದ್ದು. “ನಿಮ್ಗೇಂತಾನೆ ಕಟ್ಟಿದ್ದು. ನಿಮ್ ಕೋಣೆ ಅಳತೆಗೆ. ಬೇರೆಯೋರ್ಗೆ ಕೊಡಕ್ ಬರಲ್ಲ, ತಗೊಂಡೋಗಿ.”

“ನೀವೇ ಬಂದು ಕೂರಿಸಿಕೊಡಿ ಅಣ್ಣ,” ಎಂದೆ.

“ಮನೆಗ್ ಬರಲ್ಲಮ್ಮ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. “ನೀವೇ ಮಂಡಿ ಊರಿ ನೋಡಿ. ತಿಳೀತದೆ.”

ಮಾರನೆಯ ದಿನ ಸೀರೆ ಮೇಲಕ್ಕೆ ಸಿಕ್ಕಿಸಿ, ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟು, ಗೋಡೆಯ ಅಂಚು ಹಿಡಿದು ಹೊರಟೆ. ಮಂಡಿ ಉರಿಯಿತು. ಮೂಲೆಯಲ್ಲಿ ನಾದ ಊದಿಕೊಂಡಿತ್ತು. ಬಾಗಿಲ ಬಳಿ ಮಾಯವಾಗಿತ್ತು. ಬೀರುವಿನ ಎಡಪಕ್ಕಕ್ಕೆ ಬಂದಾಗ ಎಲ್ಲ ಸ್ವರವೂ ಒಂದೇ ಸಮ ಆಯಿತು. ಅವರು ಚೌಕ ಬರೆದಿದ್ದ ಜಾಗವೇ ಅದು. ಆ ಗುರುತನ್ನು ನಾನು ಆ ಭಾನುವಾರ ಸಂಜೆಯೇ ಒರೆಸಿಹಾಕಿದ್ದೆ. ಪೆಟ್ಟಿಗೆಯನ್ನು ಅಲ್ಲಿಳಿಸಿ, ಚೀಟಿಯಲ್ಲಿದ್ದಂತೆ ಗುಂಡಿಗಳನ್ನು ತಿರುಗಿಸಿ ಕೂತೆ. ಸಬ್‌ವೂಫರ್ ಒಂದಿದೆ ಎಂದೇ ಅನ್ನಿಸಲಿಲ್ಲ. ಅಪ್ಪ ಎಡಗೈಯಲ್ಲಿ ಮೃದಂಗ ಸವರಿದರು, ನಾದ ಬಾಗಿ ಮೇಲೆದ್ದಿತು, ಕೈ ಎತ್ತಿದರು, ನಿಂತಿತು. ನಾನು ಅತ್ತೆ. ಅಪ್ಪನಿಗಾಗಿ ಅತ್ತದ್ದು ಎಷ್ಟು, ನಾಚಿಕೆಗೆ ಅತ್ತದ್ದು ಎಷ್ಟು ಎಂದು ಬಿಡಿಸಿ ಹೇಳಲಾರೆ.

ಕ್ಷಮೆ ಕೇಳಬೇಕೆಂದು ಹೊರಟಾಗಲೆಲ್ಲ ಅಂಗಡಿಯಲ್ಲಿ ಯಾರಾದರೂ ಇರುತ್ತಿದ್ದರು. ಇಲ್ಲವೆ ಇದ್ದರೆಂದು ನಾನೇ ನೆಪ ಮಾಡಿಕೊಂಡೆ. ಒಂದು ದಿನ ಅಂಗಡಿಗೆ ಬೀಗ ಬಿದ್ದಿತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಬಂದು ಎರಡು ಕಣ್ಣೂ ಹೋದವು ಎಂದು ಪಕ್ಕದ ಟೀ ಅಂಗಡಿಯವರು ಹೇಳಿದರು.

ನಂದಿದುರ್ಗದ ಮನೆ ಹುಡುಕಿಕೊಂಡು ಹೋದೆ. ತಗಡಿನ ಸೂರಿನ ಕೆಳಗೆ ಮಂಚದ ಮೇಲೆ ಕೂತಿದ್ದರು. ನಾನು ಎದುರಿಗೆ ಕೂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದನ್ನು ಹೇಳಿದೆ: “ಅಣ್ಣ, ಅವತ್ತು ನಾನು ಆಡಿದ ಮಾತು ದೊಡ್ಡ ತಪ್ಪು. ಕ್ಷಮಿಸಿಬಿಡಿ.” ಅವರ ಕಣ್ಣು ನನ್ನ ಮುಖದಿಂದ ಆಚೆ ಎಲ್ಲೋ ನಿಂತಿತ್ತು. “ಯಾರು? ಯಾರ್ ಬಂದಿರೋದು?” ಎಂದರು.

ಹೆಂಡತಿ ಕನ್ನಿಯಮ್ಮ ಒಳಗಿನಿಂದ ಬಂದರು. ಗಂಡಸಿನಂಥ ದಪ್ಪ ದನಿ. “ಏನ್ ಮಾತಿದ್ರೂ ನಂಗ್ ಏಳಮ್ಮ, ನಾನ್ ಅವ್ರ ಕಿವೀಲಿ ಏಳ್ತೀನಿ. ನನ್ ದನಿ ಒಂದೇ ಅವ್ರ್‌ಗೆ ಕೇಳೋದು.” ಬಂಗಾರಪೇಟೆಯವಳು, ಕಾಲೇಜಿನಲ್ಲಿ ಕೆಲಸ ಎಂದೆ. ನನ್ನನ್ನು ದಿಟ್ಟಿಸಿ ನೋಡಿ ಮುಖ ಅರಳಿಸಿದರು. “ನೀವು ಲೈಬ್ರರಿ ಅಮ್ಮ ಅಲ್ವಾ? ನಿಮ್ ಮನೆಯಿಂದ ಬಂದ್ ದಿನ ಏಳಿದ್ರು. ಕಾಲೇಜ್ ಮೇಷ್ಟ್ರು ಮುಂದೆ ನನ್ನ ಎಷ್ಟು ಮರ್ಯಾದೆಯಿಂದ ಮಾತಾಡ್ಸುದ್ರು, ಕಾಪಿ ಕೊಟ್ರು ಅಂತ. ಏಳಿ, ಏನ್ ಏಳ್ಲಿ ಅವ್ರ್‌ಗೆ?”

ನಾನು ಆಡಿದ ಮಾತನ್ನು ಮೊದಲು ಆಕೆಗೆ ಹೇಳಿದರೆ ಮಾತ್ರ ನನ್ನ ಕ್ಷಮೆ ಅವರಿಗೆ ತಲುಪುತ್ತಿತ್ತು.

“ಪೆಟ್ಟಿಗೆ ಚೆನ್ನಾಗಿ ನುಡೀತಾ ಇದೆ ಅಂತ ಹೇಳಿ,” ಎಂದೆ.

ಕನ್ನಿಯಮ್ಮ ಅವರ ಕಿವಿಗೆ ಬಾಯಿಟ್ಟು ತಮಿಳಿನಲ್ಲಿ ಕೂಗಿದರು. ದೊರೈಕಣ್ಣು ಅಣ್ಣ ತಲೆಯಾಡಿಸಿ, “ಸಂತೋಷ ಅಮ್ಮ,” ಎಂದರು. ಅಷ್ಟೇ.

ಎರಡು ತಿಂಗಳಿಗೆ ಅಣ್ಣ ತೀರಿಕೊಂಡರೆಂದು ಸುದ್ದಿ ಬಂತು. ಹೋದೆ. ಲೈನಿನ ಜನವೆಲ್ಲ ಬಿಸಿಲಲ್ಲಿ ನಿಂತಿತ್ತು. ಕನ್ನಿಯಮ್ಮ ಅಳುತ್ತಲೇ ನನ್ನ ಕೈ ಹಿಡಿದು, “ಇವ್ರೇ, ನಮ್ಮೋರ್ಗೆ ಅಷ್ಟು ಮರ್ಯಾದೆ ಕೊಟ್ಟೋರು,” ಎಂದು ಬಂದವರಿಗೆಲ್ಲ ತೋರಿಸಿದರು. ಯಾರೋ ಮನೆಯೊಳಗಿಂದ ಕುರ್ಚಿ ತಂದು ನೆರಳಿನಲ್ಲಿ ಹಾಕಿದರು. ಅಲ್ಲಿದ್ದದ್ದು ಅದೊಂದೇ ಕುರ್ಚಿ. ಕೂರಮ್ಮ ಕೂರಮ್ಮ ಎಂದು ಎಲ್ಲರೂ ಒತ್ತಾಯಿಸಿದರು.

ನಾನು ಕೂತೆ.